ಮೊದಲು ಕೈ ತೊಳೆಯಿರಿ, ಆಮೇಲೆ ಬೆರಳು ಚುಚ್ಚಿ

ಉಮ್ಮ ಮಾವಿನ ಹಣ್ಣು ಹೆಚ್ಚಿ ಮೊಮ್ಮಕ್ಕಳಿಗೆಲ್ಲ ಹಂಚಿದ್ದಾರೆ. ತಾವು ಮಾತ್ರ ಒಂದು ಹೋಳನ್ನೂ ಬಾಯಿಗಿಟ್ಟಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಬಂದು ಬೆರಳು ಚುಚ್ಚಿಸಿಕೊಂಡರೆ ಯಂತ್ರದಲ್ಲಿ ಅಂಕಿ 290! "ಉಮ್ಮಾ, ನಮಗೆ ಗೊತ್ತಾಗದಂತೆ ತಿಂದಿರಾ?" ಎಂದು ಮಗ ಗದರುತ್ತಾನೆ. ಇನ್ಸುಲಿನ್ ಸ್ವಲ್ಪ ಹೆಚ್ಚು ಕೊಡೋಣವೇ ಎಂದು ಸೊಸೆ ಕೇಳುತ್ತಾಳೆ. ಇಂತಹ ದೃಶ್ಯ ನಿಮ್ಮ ಮನೆಯಲ್ಲೂ ನಡೆದಿರಬಹುದು. ಆದರೆ ಇಲ್ಲಿ ಸುಳ್ಳು ಹೇಳಿದ್ದು ಉಮ್ಮನಲ್ಲ, ಅವರ ಬೆರಳು!

ಅದು ಹೇಗೆ ಅನ್ನುತ್ತೀರಾ? ನಿಜವಾಗಿ ಆ ಯಂತ್ರಕ್ಕೆ ಸಕ್ಕರೆಯ ಗುರುತೇ ಇಲ್ಲ. ಗುರುತು ಹಿಡಿಯುವುದು ಸ್ಟ್ರಿಪ್‌ನ ತುದಿಯಲ್ಲಿ ಲೇಪಿಸಿರುವ ಕಿಣ್ವ. ಹಲವು ಸ್ಟ್ರಿಪ್‌ಗಳಲ್ಲಿ ಬಳಸುವ ಗ್ಲುಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಒಂದು ಜಾತಿಯ ಬೂಷ್ಟಿನಿಂದ ಪಡೆಯುತ್ತಾರೆ. ರಕ್ತದಲ್ಲಿರುವ ಅಷ್ಟೊಂದು ವಸ್ತುಗಳ ನಡುವೆ ಅದು ಗ್ಲುಕೋಸನ್ನೇ ಹುಡುಕಿ ಹಿಡಿಯುತ್ತದೆ. ಆಗ ಹುಟ್ಟುವ ಅತಿ ಸಣ್ಣ ವಿದ್ಯುತ್ತನ್ನು ಅಳೆದು ಅಂಕಿಯಾಗಿ ತೋರಿಸುವುದಷ್ಟೇ ಯಂತ್ರದ ಕೆಲಸ. ಜೀವಲೋಕದ ವಸ್ತುವನ್ನೂ ವಿದ್ಯುತ್ ಉಪಕರಣವನ್ನೂ ಹೀಗೆ ಜೋಡಿಸುವ ದಾರಿಯನ್ನು 1962ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ವಿಜ್ಞಾನಿ ಲೆಲ್ಯಾಂಡ್ ಕ್ಲಾರ್ಕ್.

ಕಿಣ್ವ ಪ್ರಾಮಾಣಿಕ. ಆದರೆ ಅದಕ್ಕೆ ರಕ್ತದ ಸಕ್ಕರೆ ಯಾವುದು, ಬೆರಳಿಗೆ ಅಂಟಿದ ಹಣ್ಣಿನ ಸಕ್ಕರೆ ಯಾವುದು ಎಂಬ ಭೇದ ತಿಳಿಯದು. ಪರೀಕ್ಷೆಗೆ ಬಳಸುವುದು ಸಾಸಿವೆಯಷ್ಟು ಹನಿ. ಅದಕ್ಕೆ ಹೊರಗಿನ ಸಕ್ಕರೆ ಚೂರು ಸೇರಿದರೂ ಲೆಕ್ಕ ತಪ್ಪುತ್ತದೆ. ಹಣ್ಣು ಸುಲಿದ ಕೈಗಳನ್ನು ಜಪಾನಿನ ವೈದ್ಯರು ಪರೀಕ್ಷಿಸಿ 2011ರಲ್ಲಿ ಇದನ್ನೇ ವರದಿ ಮಾಡಿದರು. ಸ್ಪಿರಿಟ್ ಹತ್ತಿಯಿಂದ ಒರೆಸಿದರೂ ಅಂಕಿ ಸರಿಹೋಗಲಿಲ್ಲ, ನಲ್ಲಿ ನೀರಿನಲ್ಲಿ ತೊಳೆದಾಗ ಸರಿಹೋಯಿತು. ತಪ್ಪು ಅಂಕಿಯನ್ನು ನಂಬಿ ಇನ್ಸುಲಿನ್ ಹೆಚ್ಚಿಸಿದರೆ ಸಕ್ಕರೆ ಅಂಶ ಹಠಾತ್ತನೆ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು.

ಕಿಣ್ವ ತುಂಬ ಸೂಕ್ಷ್ಮ. ಬಿಸಿಲು, ತೇವ ಅದಕ್ಕೆ ಆಗದು. ಮಳೆಗಾಲದಲ್ಲಿ ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಡಬೇಡಿ, ಅಡುಗೆಮನೆಯ ಒಲೆಯ ಬಳಿ ಇಡಬೇಡಿ, ಅವಧಿ ಮುಗಿದದ್ದನ್ನು ಬಳಸಬೇಡಿ.

ಈಗ ಚರ್ಮದಡಿ ಕೂದಲಿನಂಥ ಎಳೆಯನ್ನಿಟ್ಟು ಹಗಲು ರಾತ್ರಿ ಸಕ್ಕರೆ ನೋಡುವ ಸೆನ್ಸರ್‌ಗಳೂ ಬಂದಿವೆ. ಇವುಗಳಲ್ಲಿ ಹೆಚ್ಚಿನವನ್ನು ಹತ್ತು ಹದಿನೈದು ದಿನಗಳಲ್ಲೇ ಬದಲಿಸಬೇಕು. ಕಿಣ್ವದ ಶಕ್ತಿ ಕುಂದುವುದು ಇದಕ್ಕೊಂದು ಕಾರಣ. ಇನ್ನೊಂದು, ನಮ್ಮ ದೇಹ ಪರಕೀಯ ವಸ್ತುವನ್ನು ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ. ಅದಕ್ಕೆ ಪ್ರೋಟೀನು ಅಂಟಿಸುತ್ತದೆ, ಕಣಗಳ ಗೋಡೆ ಕಟ್ಟುತ್ತದೆ. ದೇಹಕ್ಕೆ ಒಗ್ಗುವಂಥ ಲೇಪನ ಹುಡುಕಲು ಎಂಜಿನಿಯರುಗಳು ಇಂದಿಗೂ ಹೆಣಗುತ್ತಿದ್ದಾರೆ.

ನಮ್ಮ ಪಾಲಿನ ಕೆಲಸ ಅಷ್ಟು ಕಷ್ಟದ್ದಲ್ಲ. ಸಾಬೂನು ಹಚ್ಚಿ ಕೈ ತೊಳೆಯಿರಿ, ಚೆನ್ನಾಗಿ ಒರೆಸಿ, ಆಮೇಲೆ ಚುಚ್ಚಿ. ಅಂಕಿ ವಿಚಿತ್ರವೆನಿಸಿದರೆ ಕೈ ತೊಳೆದು ಹೊಸ ಸ್ಟ್ರಿಪ್‌ನಲ್ಲಿ ಮತ್ತೊಮ್ಮೆ ನೋಡಿ. ವೈದ್ಯರನ್ನು ಕೇಳದೆ ಔಷಧದ ಪ್ರಮಾಣ ಬದಲಿಸಬೇಡಿ. ಮುಖ್ಯವಾಗಿ, ಮನೆಯ ಹಿರಿಯರ ಮಾತನ್ನು ಅನುಮಾನಿಸುವ ಮೊದಲು ಅವರ ಕೈಗೆ ಒಂದು ಚೊಂಬು ನೀರು ಹಾಕಿ.