ಮೇಣ ಹೋದದ್ದು ಯಾರ ತಪ್ಪು?

ಪುಣೆಯ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಕಳೆದ ವಾರ ಮತ್ತೆ ಪಂಚಾಯ್ತಿ. ಕಾರು ತೊಳೆಯುವ ಹುಡುಗನನ್ನು ಬಿಡಿಸಬೇಕಂತೆ. ಅವನು ತೊಳೆದೂ ತೊಳೆದೂ ಕಾರುಗಳ ಹೊಳಪೇ ಹೋಯಿತಂತೆ. ಗುಂಪಿನ ತುಂಬ ಇಂಜಿನಿಯರುಗಳು. ಆ ಕಾರುಗಳಿಗೆ ಕೊನೆಯ ಸಲ ವ್ಯಾಕ್ಸ್ ಹಾಕಿದ್ದು ಯಾವಾಗ, ಅದು ಸವೆದದ್ದು ಯಾವಾಗ ಎಂದು ಒಬ್ಬರೂ ಕೇಳಲಿಲ್ಲ.

ನಾನೂ ಸಾಚಾ ಅಲ್ಲ. ಎರಡು ವರ್ಷದ ಹಿಂದೆ ನನ್ನ ಕಡುನೀಲಿ ಕಾರು ಮಂಕಾದಾಗ ಇದೇ ಹುಡುಗನ ಪಗಾರದಲ್ಲಿ 200 ರೂಪಾಯಿ ಹಿಡಿದವನು ನಾನು. ಹಿಂದಿಯಲ್ಲಿ ಗದರಿದೆ. ಅವನು ಯಾದಗಿರಿ ಕಡೆಯವನು, ಕನ್ನಡದಲ್ಲೇ ಉತ್ತರ ಕೊಟ್ಟ: "ಸಾಹೇಬ್ರೆ, ಮೊದ್ಲ ನೀರು ಮುತ್ತಿನಂಗ ಉಳ್ಳತಿತ್ತು. ಈಗ ಚಾದರ ಹಾಸ್ದಂಗ ಬೀಳತದ. ಮೇಣ ಹೋಗ್ಯದ ನೋಡ್ರಿ." ಎದುರು ಮಾತಾಡುತ್ತಾನೆ ಅಂದುಕೊಂಡೆ. ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ತಾವರೆ ಎಲೆಯ ಮೇಲಿನ ನೀರು ಎಂದು ನಾವು ಗಾದೆಯಂತೆ ಆಡುತ್ತೇವಲ್ಲ, ಅಲ್ಲಿ ಕೆಲಸ ಮಾಡುವುದೂ ಮೇಣವೇ. ಎಲೆಯ ಮೇಲ್ಮೈಯ ಮೇಣ ನೀರನ್ನು ಹತ್ತಿರ ಸೇರಿಸುವುದಿಲ್ಲ. ಕಾರಿಗೆ ಬಳಿಯುವ ಕಾರ್ನೌಬಾ ಮೇಣ ಬರುವುದು ಬ್ರೆಜಿಲ್ ದೇಶದ ಒಂದು ತಾಳೆ ಜಾತಿಯ ಮರದ ಎಲೆಯಿಂದ. ಅದರ ಆಯುಷ್ಯ ಕೆಲವು ವಾರಗಳಿಂದ ಕೆಲವು ತಿಂಗಳು. ಎಷ್ಟು ಎಂಬುದನ್ನು ತೀರ್ಮಾನಿಸುವುದು ಬಿಸಿಲು, ಮಳೆ ಮತ್ತು ಸೋಪು. ಬೇಸ್‌ಮೆಂಟಿನಲ್ಲಿ ನಿಲ್ಲುವ ಕಾರಿಗೂ ಆಫೀಸಿನ ಬಯಲಲ್ಲಿ ದಿನವಿಡೀ ಬೇಯುವ ಕಾರಿಗೂ ಒಂದೇ ತಾರೀಖು ಹೇಗೆ ಹೊಂದುತ್ತದೆ?

ಆದರೂ ಸರ್ವಿಸ್ ಸೆಂಟರಿನವರು ಮೂರು ತಿಂಗಳಿಗೊಮ್ಮೆ ಪಾಲಿಶ್ ಮತ್ತು ವ್ಯಾಕ್ಸ್ ಎಂಬ ಪ್ಯಾಕೇಜು ಮುಂದಿಡುತ್ತಾರೆ, ನಾವು ಸಹಿ ಹಾಕುತ್ತೇವೆ. ಇವೆರಡೂ ಬೇರೆ ಬೇರೆ ಕೆಲಸ. ವ್ಯಾಕ್ಸ್ ಒಂದು ಪದರ ಸೇರಿಸುತ್ತದೆ. ಉಜ್ಜುವ ಪಾಲಿಶ್ ಒಂದಿಷ್ಟು ಕೆರೆದು ತೆಗೆಯುತ್ತದೆ. ಬಣ್ಣದ ಮೇಲಿನ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40-50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಬೇಕಿಲ್ಲದಿದ್ದರೂ ಪದೇ ಪದೇ ಅದನ್ನು ಕೆರೆಸಿಕೊಂಡು, ಅದಕ್ಕೆ ದುಡ್ಡೂ ಕೊಡುತ್ತೇವೆ.

ಪರೀಕ್ಷೆಗೆ ಒಂದು ಮಗ್ ನೀರು ಸಾಕು. ಕಾರನ್ನು ಚೆನ್ನಾಗಿ ತೊಳೆದು ಒರೆಸಿ, ನೆರಳಲ್ಲಿ ಬಾನೆಟ್ಟಿನ ಮೇಲೂ ಟಾಪಿನ ಮೇಲೂ ನೀರು ಚಿಮುಕಿಸಿ. ಬಿಸಿಲು ನೇರ ಬಡಿಯುವ ಈ ಜಾಗಗಳಲ್ಲೇ ಮೇಣ ಮೊದಲು ಸವೆಯುವುದು. ಹನಿಗಳು ದುಂಡಗೆ ನಿಂತು ಜಾರಿದರೆ ಪರ್ಸು ಒಳಗಿಡಿ. ಚಪ್ಪಟೆಯಾಗಿ ಹರಡಿ ಅಲ್ಲೇ ಕೂತರೆ ವ್ಯಾಕ್ಸ್ ಹಾಕಿಸಿ. ಧೂಳು ಹಿಡಿದ ಕಾರಿನ ಮೇಲೆ ಈ ಪರೀಕ್ಷೆ ಸುಳ್ಳು ಹೇಳುತ್ತದೆ. ತೊಳೆದ ಮೇಲೂ ಅನುಮಾನವಿದ್ದರೆ ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಸವರಿ. ಮರಳು ಕಾಗದದಂತೆ ತರಿತರಿ ತಾಗಿದರೆ ಅಂಟಿದ ಕೊಳೆ ಮೊದಲು ಹೋಗಬೇಕು, ವ್ಯಾಕ್ಸ್ ಆಮೇಲೆ. ಬಿಳಿ ಕಾರಿನವರು ಹೊಳಪನ್ನು ನಂಬಿ ಕೂರಬೇಡಿ, ಬಿಳಿಯಲ್ಲಿ ಮಂಕು ಬೇಗ ಕಾಣುವುದಿಲ್ಲ.

ಹುಡುಗನ ಕೈಯಿಂದ ಗೀರು ಬೀಳುವುದಿಲ್ಲವೇ? ಬೀಳುತ್ತದೆ. ಆದರೆ ಒಂದೇ ಬಕೆಟ್ ನೀರಲ್ಲಿ ಮುಗಿಸು ಎಂದವರು ಯಾರು? ಹಳೇ ಬನಿಯನ್ ಕೊಟ್ಟವರು ಯಾರು? ಬಟ್ಟೆ ಒಗೆಯುವ ಪುಡಿ ಹಾಕಿ ತಿಕ್ಕು ಎಂದವರು ಯಾರು? ಮೇಣವನ್ನು ಕಿತ್ತು ತೆಗೆಯುವುದು ಆ ಪುಡಿಯೇ. ಅದನ್ನು ಕೊಟ್ಟವರು ನಾವು.

ನಮ್ಮೂರಲ್ಲಿ ಅಜ್ಜ ಪಂಚಾಂಗ ನೋಡಿ ಬಂಡಿಗೆ ಕೀಲೆಣ್ಣೆ ಹಾಕಲಿಲ್ಲ. ಅಚ್ಚು ಕಿರುಗುಟ್ಟಿದಾಗ ಹಾಕಿದ. ಕಿರುಗುಟ್ಟಿತೆಂದು ಎತ್ತಿಗೆ ಹೊಡೆಯಲೂ ಇಲ್ಲ. ನಾನು ಎಂಟೆಕ್ ಓದಿದವನು. ಸರ್ವರ್ ಲಾಗ್ ನೋಡದೆ ಯಾರ ಮೇಲೂ ತಪ್ಪು ಹೊರಿಸಬೇಡಿ ಎಂದು ಟೀಮಿಗೆ ದಿನಾ ಪಾಠ ಹೇಳುತ್ತೇನೆ. ಸಂಜೆ ಪಾರ್ಕಿಂಗಿಗೆ ಬಂದವನೇ ನೋಡದೆ ತೀರ್ಪು ಕೊಟ್ಟೆ. ಅದೂ ನನ್ನಂತೆಯೇ ಊರು ಬಿಟ್ಟು ಬಂದವನ ಮೇಲೆ. ವ್ಯತ್ಯಾಸ ಇಷ್ಟೇ: ನನ್ನ ತಪ್ಪಿಗೆ ಅಪ್ರೈಸಲ್ ಇದೆ, ಅವನ ತಪ್ಪಿಗೆ ನೋಟಿಸೂ ಇಲ್ಲ.

ಆ 200 ರೂಪಾಯಿ ತಡವಾಗಿ ವಾಪಸ್ ಕೊಟ್ಟೆ. ಎರಡನೇ ಬಕೆಟ್, ಮೈಕ್ರೋಫೈಬರ್ ಬಟ್ಟೆ, ಕಾರ್ ಶಾಂಪೂ ನಾನೇ ತಂದಿಟ್ಟೆ. ಭಾನುವಾರ ಕಮಿಟಿ ಸಭೆಯಿದೆ. ಅವನನ್ನು ಬಿಡಿಸಲು ಕೈ ಎತ್ತುವವರು ಮೊದಲು ಒಂದು ಮಗ್ ನೀರು ಹಿಡಿದು ನನ್ನ ಜೊತೆ ಬೇಸ್‌ಮೆಂಟಿಗೆ ಇಳಿಯಲಿ.