ಹೊಗೆ ನೋಡುವವರು ಟೈರನ್ನೂ ನೋಡಲಿ: ಸಾರಿಗೆ ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಆಯುಕ್ತರು,
ಕರ್ನಾಟಕ ಸರ್ಕಾರ,
ಬೆಂಗಳೂರು

ಮಾನ್ಯರೇ,

ಹೊಸ ಬೈಕೊಂದು ಶೋರೂಮಿನಿಂದ ಹೊರಬಿದ್ದರೆ ಅದರ ನೋಂದಣಿ 15 ವರ್ಷ ಊರ್ಜಿತ. ಅಷ್ಟೂ ವರ್ಷಗಳಲ್ಲಿ ಕಾನೂನಿನ ಪ್ರಕಾರ ಅದು ತಪ್ಪದೆ ಒಳಗಾಗಬೇಕಾದ ತಪಾಸಣೆ ಒಂದೇ, ಹೊಗೆಯದು. ಪೆಟ್ರೋಲ್ ಬಂಕಿನ ಪಕ್ಕದ ಎಮಿಷನ್ ಗೂಡಂಗಡಿಯಲ್ಲಿ ಸೈಲೆನ್ಸರಿಗೆ ಕೊಳವೆ ತೂರಿಸುತ್ತಾರೆ, ನಂಬರ್ ಪ್ಲೇಟಿನ ಫೋಟೊ ತೆಗೆಯುತ್ತಾರೆ, ಚೀಟಿ ಕೊಡುತ್ತಾರೆ. ಅದೇ ಗಾಡಿಯ ಟೈರು ಬೋಳಾಗಿರಬಹುದು, ಮುಂದಿನ ಬ್ರೇಕ್ ಹಿಡಿದರೆ ಲಿವರ್ ಹ್ಯಾಂಡಲಿಗೇ ತಾಗುತ್ತಿರಬಹುದು. ಕೇಳುವವರಿಲ್ಲ. ಲಾರಿ, ಬಸ್ಸು, ಆಟೊಗಳಿಗೆ ಕಾಲಕಾಲಕ್ಕೆ ಗಾಡಿಯ ಅರ್ಹತೆ ನೋಡುವ ಎಫ್‌ಸಿ ಇದೆ. ಬೈಕಿನ ಬ್ರೇಕನ್ನು ಸರ್ಕಾರ ಮೊದಲ ಸಲ ನೋಡಬೇಕಾದರೆ ಆ ಬೈಕಿಗೆ ಹದಿನೈದು ತುಂಬಬೇಕು.

ನಾನು ಮೂಡಿಗೆರೆಯಲ್ಲಿ ಬೈಕ್ ರಿಪೇರಿ ಮಾಡಿಕೊಂಡಿರುವವನು. ಇಲ್ಲಿಂದ ಕೊಟ್ಟಿಗೆಹಾರ ದಾಟಿದರೆ ಚಾರ್ಮಾಡಿ ಘಾಟಿ. ತೋಟದ ರೈಟರು, ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಬರುವವರು, ವಾರಾಂತ್ಯಕ್ಕೆ ಬೆಂಗಳೂರಿನಿಂದ ಗುಂಪು ಕಟ್ಟಿಕೊಂಡು ಬರುವ ಹುಡುಗರು, ಎಲ್ಲರ ಗಾಡಿಗಳೂ ನನ್ನ ಕೈಗೆ ಬರುತ್ತವೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಪ್ರಾಣ ಬಿಟ್ಟವರು 1,68,491 ಮಂದಿ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿಯೇ ಹೇಳುತ್ತದೆ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ಅತಿವೇಗ, ಹೆಲ್ಮೆಟ್ ಇಲ್ಲದಿರುವುದು, ಕೆಟ್ಟ ರಸ್ತೆ ಇವುಗಳ ಬಗ್ಗೆ ನಿಮ್ಮ ಇಲಾಖೆಯೂ ಪತ್ರಿಕೆಗಳೂ ಮಾತಾಡುತ್ತಲೇ ಇವೆ. ನಾನು ಬರೆಯಬೇಕೆಂದಿರುವುದು ಗಾಡಿಯ ಬಗ್ಗೆ. ಸವಾರ ಎಷ್ಟೇ ಹುಷಾರಾಗಿದ್ದರೂ ಕೆಟ್ಟ ಗಾಡಿ ಅವನ ಮಾತು ಕೇಳುವುದಿಲ್ಲ.

ಒಂದು ಪರೀಕ್ಷೆ ಹೇಳುತ್ತೇನೆ, ನಿಮ್ಮ ಕಚೇರಿಯ ಪಾರ್ಕಿಂಗಿನಲ್ಲೇ ಮಾಡಿ ನೋಡಬಹುದು. ಯಾವುದಾದರೂ ನಾಲ್ಕೈದು ವರ್ಷ ಓಡಿದ ಬೈಕನ್ನು ನಡು ಸ್ಟ್ಯಾಂಡಿಗೆ ಹಾಕಿಸಿ, ಮುಂದಿನ ಚಕ್ರ ನೆಲ ಬಿಡುವಂತೆ ಹಿಂದಿನಿಂದ ಒಬ್ಬರು ಒತ್ತಿ ಹಿಡಿಯಲಿ. ಫೋರ್ಕಿನ ಎರಡೂ ಕಾಲನ್ನು ತಳದಲ್ಲಿ ಹಿಡಿದು ಹಿಂದೆ ಮುಂದೆ ಎಳೆದಾಡಿ. ಟಕ್ ಟಕ್ ಎಂದು ಅಲುಗಿದರೆ ಹ್ಯಾಂಡಲ್ ತಿರುಗಿಸುವ ಬೇರಿಂಗ್, ಅಂದರೆ ಕೋನ್‌ಸೆಟ್ ಸಡಿಲವಾಗಿದೆ ಎಂದರ್ಥ. ಆಮೇಲೆ ಹ್ಯಾಂಡಲನ್ನು ಎರಡೇ ಬೆರಳಲ್ಲಿ ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ. ನೇರಕ್ಕೆ ಬಂದಾಗ ಒಂದು ಗುಳಿಯೊಳಗೆ ಕೂತಂತೆ ಕಚ್ಚಿಕೊಂಡರೆ, ಒಳಗಿನ ಬಾಲ್‌ಗಳು ಹೊಡೆತ ತಿಂದು ತಿಂದು ಬೌಲಿನಲ್ಲಿ ಗುಂಡಿ ಮಾಡಿವೆ. ಅಂಥ ಗಾಡಿ ನೇರ ರಸ್ತೆಯಲ್ಲಿ ಸುಮ್ಮನಿರುತ್ತದೆ. ಹೇರ್‌ಪಿನ್ ತಿರುವಿನಲ್ಲಿ ಮಾತ್ರ ನೀವು ಹೇಳಿದ ಗೆರೆಯಲ್ಲಿ ಬರುವುದಿಲ್ಲ, ಅಗಲವಾಗಿ ಎದುರಿನ ಪಕ್ಕಕ್ಕೆ ಹೋಗುತ್ತದೆ. ಆ ಪಕ್ಕದಲ್ಲಿ ಬಸ್ಸು ಹತ್ತುತ್ತಿದ್ದರೆ ಮರುದಿನದ ಪೇಪರಿನಲ್ಲಿ ‘ನಿಯಂತ್ರಣ ತಪ್ಪಿ’ ಎಂದು ಬರುತ್ತದೆ. ನಿಯಂತ್ರಣ ತಪ್ಪಿದ್ದು ಯಾಕೆ ಎಂದು ಯಾರೂ ಫೋರ್ಕ್ ಹಿಡಿದು ನೋಡುವುದಿಲ್ಲ.

ಟೈರಿನ ವಿಷಯಕ್ಕೆ ನಿಮ್ಮಲ್ಲಿ ನಿಯಮವೇ ಇದೆ. ದ್ವಿಚಕ್ರ ವಾಹನದ ಟೈರಿನ ಗ್ರಿಪ್ಪಿನ ಆಳ 0.8 ಮಿ.ಮೀ.ಗಿಂತ ಕಡಿಮೆಯಾದರೆ ಅದು ರಸ್ತೆಗೆ ಲಾಯಕ್ಕಲ್ಲ. ಗೆರೆಗಳ ನಡುವೆ ಸವೆತ ತೋರಿಸುವ ಸಣ್ಣ ದಿಣ್ಣೆ ಇರುತ್ತದೆ, ಬರಿಗಣ್ಣಿಗೆ ಕಾಣುತ್ತದೆ, ಅಳತೆಪಟ್ಟಿ ಬೇಡ. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಗ್ರಿಪ್ ಇದ್ದರೂ ರಬ್ಬರು ವಯಸ್ಸಾಗಿ ಗಟ್ಟಿಯಾದರೆ ಮಳೆಯಲ್ಲಿ ಹಿಡಿಯುವುದಿಲ್ಲ. ಇದನ್ನು ಎಷ್ಟು ಸವಾರರಿಗೆ ಯಾರು ಹೇಳಿಕೊಟ್ಟಿದ್ದಾರೆ? ಲರ್ನರ್ ಲೈಸೆನ್ಸಿನ (ಎಲ್‌ಎಲ್) ಪರೀಕ್ಷೆಯಲ್ಲಿ ಸೈನ್ ಬೋರ್ಡಿನ ಪ್ರಶ್ನೆಗಳಿರುತ್ತವೆ. ಟೈರಿನ ತಾರೀಖು ಓದುವ ಪ್ರಶ್ನೆಯೊಂದನ್ನು ಅಲ್ಲಿ ಸೇರಿಸಬಹುದಲ್ಲವೇ?

ಇನ್ನು ಬ್ರೇಕು. “ಅಣ್ಣಾ, ಮುಂದಿನ ಬ್ರೇಕ್ ಲೂಸೇ ಇಡಿ, ಹಿಡಿದ್ರೆ ಬೀಳ್ತೀವಿ” ಎಂದು ಹೇಳಿ ಗಾಡಿ ಬಿಟ್ಟುಹೋಗುವವರು ಇಂದಿಗೂ ಇದ್ದಾರೆ. ಅಪ್ಪ ಮಗನಿಗೆ, ಮಗ ತಮ್ಮನಿಗೆ ಹೇಳಿಕೊಟ್ಟ ಪಾಠ ಇದು. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ಮುಂದಿನ ಟೈರು ನೆಲಕ್ಕೆ ಒತ್ತಿಕೊಳ್ಳುತ್ತದೆ, ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಅಲ್ಲೇ ಇದೆ. ಹಿಂದಿನ ಬ್ರೇಕನ್ನೇ ತುಳಿಯುತ್ತ ಘಾಟಿ ಇಳಿಯುವವರ ಡ್ರಮ್ಮು ಕಾದು ಹಿಡಿತ ಬಿಡುತ್ತದೆ. ಡಿಸ್ಕ್ ಆದರೆ ಬ್ರೇಕ್ ಆಯಿಲ್ ಕಡೆ ನೋಡಬೇಕು. ಹೊಸ ಆಯಿಲ್ ತಿಳಿಹಳದಿ. ಎರಡು ವರ್ಷಕ್ಕೆ ಬದಲಾಯಿಸದಿದ್ದರೆ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿರುತ್ತದೆ. ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ, ನಮ್ಮ ಮಲೆನಾಡಿನಲ್ಲಂತೂ ತೇವಕ್ಕೆ ಬರವಿಲ್ಲ. ಡಾಟ್ 4 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಕಿಲೋಮೀಟರುಗಟ್ಟಲೆ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿದರೆ ಆಯಿಲಿನ ಒಳಗೆ ಆವಿಯ ಗುಳ್ಳೆ ಏಳುತ್ತದೆ. ಲಿವರ್ ಹಿಡಿದರೆ ಗುಳ್ಳೆ ಅಮುಕುತ್ತದೆಯೇ ಹೊರತು ಪ್ಯಾಡು ಡಿಸ್ಕನ್ನು ಅಮುಕುವುದಿಲ್ಲ. ಬೆಳಿಗ್ಗೆ ಮನೆ ಬಾಗಿಲಲ್ಲಿ ಸರಿಯಾಗಿದ್ದ ಬ್ರೇಕು ಘಾಟಿಯ ನಡುವೆ ಹೀಗೆ ಕೈಕೊಡುತ್ತದೆ. ಬದಲಾಯಿಸುವ ಖರ್ಚು ಒಂದು ಟ್ಯಾಂಕ್ ಪೆಟ್ರೋಲಿನಷ್ಟೂ ಇಲ್ಲ.

ಗಾಡಿಯಲ್ಲೇ ಇರುವ ಒಂದು ಸೌಲಭ್ಯವನ್ನೂ ಜನ ಬಳಸುತ್ತಿಲ್ಲ. ಹಿಂದಿನ ಎರಡು ಶಾಕಬ್ಸರ್‌ಗಳ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾದ ಒಂದು ಬಳೆ ಇರುತ್ತದೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವಾಗ ಅಥವಾ ಮೂಟೆ ಕಟ್ಟುವಾಗ ಅದನ್ನು ಒಂದೆರಡು ಮೆಟ್ಟಿಲು ಮೇಲಕ್ಕೆ ತಿರುಗಿಸಬೇಕು. ಇಲ್ಲದಿದ್ದರೆ ಹಿಂಭಾಗ ಕುಸಿದು ಮುಂಭಾಗ ಹಗುರವಾಗುತ್ತದೆ, ತಿರುವಿನಲ್ಲಿ ಹ್ಯಾಂಡಲ್ ತೇಲುತ್ತದೆ, ಹೆಡ್‌ಲೈಟು ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಎರಡೂ ಕಡೆ ಒಂದೇ ಮೆಟ್ಟಿಲಲ್ಲಿ ಇರಬೇಕು ಎನ್ನುವುದನ್ನೂ ಹೇಳಿಕೊಡಬೇಕಾಗುತ್ತದೆ.

ಈಗ ಆಲ್ಟ್ರೇಷನ್ ವಿಚಾರ. ಕರ್ಕಶ ಸೈಲೆನ್ಸರುಗಳನ್ನು ಪೊಲೀಸರು ರೋಡ್ ರೋಲರಿನ ಕೆಳಗೆ ಹಾಕಿ ಪುಡಿ ಮಾಡುವುದನ್ನು ಟಿವಿಯಲ್ಲಿ ನೋಡುತ್ತೇವೆ. ಮಾಡಲಿ, ಅದು ಸರಿ. ಆದರೆ ಸದ್ದು ಮಾಡದ ಆಲ್ಟ್ರೇಷನ್‌ಗಳಲ್ಲಿ ಜೀವ ತೆಗೆಯುವಂಥವು ಬಹಳ ಇವೆ. ಅಂದಕ್ಕೆಂದು ಕಿರಿದಾದ ರಿಮ್ಮಿಗೆ ದಪ್ಪ ಟೈರು ಹಾಕಿಸುತ್ತಾರೆ. ಟೈರು ಚಿವುಟಿದಂತಾಗಿ ಅದರ ಗುಂಡನೆಯ ಆಕಾರವೇ ಹೋಗುತ್ತದೆ, ವಾಲಿದಾಗ ನೆಲಕ್ಕೆ ತಾಗಬೇಕಾದಷ್ಟು ತಾಗುವುದಿಲ್ಲ. ಎತ್ತರದ, ಅಗಲದ ಹ್ಯಾಂಡಲ್ ಹಾಕಿಸಿ ಕೇಬಲ್ ಮಾತ್ರ ಹಳೆಯದನ್ನೇ ಉಳಿಸಿಕೊಂಡರೆ, ಪೂರ್ತಿ ತಿರುಗಿಸಿದಾಗ ಕೇಬಲ್ ಬಿಗಿದು ಆಕ್ಸಿಲರೇಟರ್ ತಾನೇ ಏರುತ್ತದೆ. ಕಿಷ್ಕಿಂಧೆಯಂಥ ಸಂದಿಯಲ್ಲಿ ಗಾಡಿ ತಿರುಗಿಸುವಾಗ ಅದು ಮುಂದಕ್ಕೆ ನುಗ್ಗುತ್ತದೆ. ಹ್ಯಾಲೋಜನ್ ಬಲ್ಬಿಗೆಂದು ಮಾಡಿದ ಹೆಡ್‌ಲೈಟ್ ಡೂಮಿನೊಳಗೆ ಬೆಳ್ಳಗಿನ ಎಲ್‌ಇಡಿ ತೂರಿಸಿದರೆ ಬೆಳಕು ಹುಟ್ಟುವ ಜಾಗವೇ ಬದಲಾಗಿ ಎಲ್ಲೆಂದರಲ್ಲಿ ಚೆದುರುತ್ತದೆ, ನಮ್ಮ ಘಾಟಿಯ ಮಂಜಿನಲ್ಲಿ ಸವಾರನ ಕಣ್ಣಿಗೇ ವಾಪಸ್ಸಾಗುತ್ತದೆ. ಕನ್ನಡಿ ಕಿತ್ತವರ, ಹಿಂದಿನ ಮಡ್‌ಗಾರ್ಡ್ ಕತ್ತರಿಸಿದವರ ಲೆಕ್ಕವೇ ಇಲ್ಲ.

ಸೀರೆ ಗಾರ್ಡಿನ ಬಗ್ಗೆ ಬೇರೆಯಾಗಿ ಹೇಳಬೇಕು. ಹಿಂದಿನ ಚಕ್ರದ ಅರ್ಧಭಾಗವನ್ನಾದರೂ ಮುಚ್ಚುವ ರಕ್ಷಣೆ, ಹಿಂದೆ ಕೂತವರಿಗೆ ಹಿಡಿ, ಕಾಲಿಡುವ ಜಾಗ ಇವು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದಲ್ಲೇ ಇವೆ. ಹುಡುಗರು ಗಾಡಿ ತಂದ ವಾರಕ್ಕೇ ಸೀರೆ ಗಾರ್ಡನ್ನು ಬಿಚ್ಚಿಸುತ್ತಾರೆ. ಬಿಚ್ಚಿಕೊಡಲು ನಾನು ಒಪ್ಪುವುದಿಲ್ಲ, ಬೇರೆ ಅಂಗಡಿಗೆ ಹೋಗುತ್ತಾರೆ. ಅದೇ ಗಾಡಿಯ ಹಿಂದೆ ಅಮ್ಮನನ್ನೋ ಅಕ್ಕನನ್ನೋ ಕೂರಿಸಿಕೊಂಡು ಮದುವೆಗೆ ಹೋಗುತ್ತಾರೆ. ಸೆರಗು, ದುಪಟ್ಟಾ ಚಕ್ರಕ್ಕೆ ಸುತ್ತಿಕೊಂಡರೆ ಕುತ್ತಿಗೆಯೇ ಹೋಗುತ್ತದೆ. ಒಬ್ಬನೇ ಒಬ್ಬ ಟ್ರಾಫಿಕ್ ಪೇದೆ ಸೀರೆ ಗಾರ್ಡ್ ಇಲ್ಲವೆಂದು ಗಾಡಿ ನಿಲ್ಲಿಸಿದ್ದನ್ನು ನಾನು ಈವರೆಗೆ ನೋಡಿಲ್ಲ.

ಕಾನೂನು ಬಿಗಿಯಾಗಿಯೇ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ಸ್ವರೂಪ ಬದಲಾಯಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ, ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಸಜೆ ಎಂದೂ ಆಗಿದೆ. ತೊಂದರೆ ಇರುವುದು ಬೇರೆ ಕಡೆ. ಅದೇ ಅಳತೆಯಲ್ಲಿ ಒಳ್ಳೆಯ ಹಿಡಿತದ ಟೈರು ಹಾಕಿಸಿದರೆ ತಪ್ಪೇ? ಹೊಸ ಫೋರ್ಕ್ ಸ್ಪ್ರಿಂಗ್? ಲಗೇಜ್ ಕಟ್ಟುವ ಸ್ಟ್ಯಾಂಡ್? ಮಂಜಿಗೊಂದು ಹಳದಿ ದೀಪ? ಕೇಳಿದರೆ ಒಬ್ಬ ಅಧಿಕಾರಿ ಒಂದು ಹೇಳುತ್ತಾರೆ, ಇನ್ನೊಬ್ಬರು ಇನ್ನೊಂದು. ಗಾಡಿಯನ್ನು ನಿಜವಾಗಿ ಸುಧಾರಿಸಬೇಕೆಂದವನು ದಂಡಕ್ಕೆ ಹೆದರಿ ಸುಮ್ಮನಾಗುತ್ತಾನೆ. ಶೋಕಿಗೆ ಮಾಡಿಸುವವನು ಹೆದರುವುದಿಲ್ಲ.

ಕಾಯ್ದೆ ದೆಹಲಿಯದು, ಅದನ್ನು ತಿದ್ದಿ ಎಂದು ನಿಮ್ಮನ್ನು ಕೇಳುತ್ತಿಲ್ಲ. ನಿಮ್ಮ ಕೈಯಲ್ಲಿ ಆಗುವ ಕೆಲಸಗಳಿವೆ. ಯಾವುದನ್ನು ಬದಲಾಯಿಸಬಹುದು, ಯಾವುದನ್ನು ಕೂಡದು ಎಂಬ ಪಟ್ಟಿಯನ್ನು ಸರಳ ಕನ್ನಡದಲ್ಲಿ, ಚಿತ್ರ ಸಮೇತ ಪ್ರತಿ ಆರ್‌ಟಿಒ ಕಚೇರಿಯಲ್ಲಿ, ಪ್ರತಿ ಗ್ಯಾರೇಜಿನಲ್ಲಿ ಅಂಟಿಸುವಂತೆ ಮಾಡಿ. ಎಮಿಷನ್ ಕೇಂದ್ರದವರು ಹೊಗೆ ನೋಡುವಾಗಲೇ ಟೈರು, ಎರಡೂ ಬ್ರೇಕು, ಬ್ರೇಕ್ ಲೈಟು, ಹೆಡ್‌ಲೈಟಿನ ಡಿಮ್, ಕನ್ನಡಿ, ಸೀರೆ ಗಾರ್ಡ್ ಇಷ್ಟನ್ನು ನೋಡಿ ಒಂದು ಚೀಟಿ ಬರೆದುಕೊಡಲಿ. ಐದು ನಿಮಿಷದ ಕೆಲಸ. ಮೊದಲಿಗೆ ದಂಡ ಬೇಡ, ತಿಳಿವಳಿಕೆಯಷ್ಟೇ ಸಾಕು. ಜನ ದಂಡವನ್ನು ಮರೆಯುತ್ತಾರೆ, ‘ಮುಂದಿನ ಟೈರು ಬದಲಾಯಿಸಿ’ ಎಂದು ಬರೆದ ಚೀಟಿಯನ್ನು ಮನೆಯಲ್ಲಿ ಹೆಂಡತಿ ಮಕ್ಕಳು ಓದುತ್ತಾರೆ.

ಹಾಗೇ ನಮ್ಮಂಥ ಬೀದಿಬದಿಯ ಮೆಕ್ಯಾನಿಕ್‌ಗಳಿಗೆ ತರಬೇತಿ ಕೊಡಿಸಿ. 125 ಸಿಸಿ ಮೇಲ್ಪಟ್ಟ ಹೊಸ ಬೈಕುಗಳಿಗೆಲ್ಲ 2019ರ ಏಪ್ರಿಲಿನಿಂದ ಚಕ್ರ ಲಾಕಾಗದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು, 2020ರಲ್ಲಿ ಹೊಗೆಯ ಹೊಸ ಮಾನದಂಡ ಬಿಎಸ್-6 ಬಂತು. ವಾರಂಟಿ ಮುಗಿದ ಮೇಲೆ ಆ ಗಾಡಿಗಳು ಬರುವುದು ನಮ್ಮ ಹತ್ತಿರವೇ. ಎಬಿಎಸ್ ದೀಪ ಹೊತ್ತಿಕೊಂಡೇ ಇದ್ದರೆ ಕಾರಣ ಹುಡುಕಲು ಸ್ಕ್ಯಾನರ್ ಬೇಕು, ಅದನ್ನು ಓದಲು ಗೊತ್ತಿರಬೇಕು. ಎರಡೂ ಇಲ್ಲದ ಕಡೆ ದೋಷ ಸರಿಪಡಿಸದೆ ದೀಪ ಮಾತ್ರ ಆರಿಸಿ ಕಳಿಸುತ್ತಾರೆ. ಜೀವ ಉಳಿಸಲೆಂದು ಕಂಪನಿ ಕೊಟ್ಟದ್ದು ಹಾಗೆ ಸತ್ತುಹೋಗುತ್ತದೆ, ಮಾಲೀಕನಿಗೆ ಗೊತ್ತೂ ಆಗುವುದಿಲ್ಲ. ತಾಲ್ಲೂಕಿಗೊಂದು ಕಡೆ, ವರ್ಷಕ್ಕೆರಡು ದಿನ, ಐಟಿಐ ಶೆಡ್ಡಿನಲ್ಲಿ ತರಗತಿ ಮಾಡಿದರೂ ಸಾಕು. ನಾವು ಅಂಗಡಿ ಮುಚ್ಚಿ ಬರುತ್ತೇವೆ.

ಟೈರು, ಬ್ರೇಕಿನ ತಪಾಸಣೆ ಎಲ್ಲ ಕಡೆ ಒಟ್ಟಿಗೆ ಆಗದಿದ್ದರೆ ಮೂಡಿಗೆರೆಯಿಂದಲೇ ಶುರು ಮಾಡಿ. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ, ಸಂತೆಯ ದಿನ ಇಟ್ಟುಕೊಳ್ಳೋಣ. ನೆರಳಿಗೆ ಶಾಮಿಯಾನ, ಗಾಳಿ ತುಂಬಲು ಕಂಪ್ರೆಸರ್, ಬ್ರೇಕ್ ಬಿಗಿ ಮಾಡಲು ಹುಡುಗರು ನಮ್ಮ ಕಡೆಯಿಂದ, ಕೂಲಿ ಬೇಡ. ಚಿಕ್ಕಮಗಳೂರಿನ ಕಚೇರಿಯಿಂದ ಒಬ್ಬ ಇನ್‌ಸ್ಪೆಕ್ಟರನ್ನೂ ಒಂದು ಕಟ್ಟು ಖಾಲಿ ಚೀಟಿಯನ್ನೂ ಕಳಿಸಿಕೊಡಿ. ಯಾವ ದಿನ ಅನುಕೂಲ ಎಂದು ಏಪ್ರಿಲ್ ಒಳಗೆ ತಿಳಿಸಿದರೆ ಹಳ್ಳಿಗಳಿಗೆ ಸುದ್ದಿ ಮುಟ್ಟಿಸುವ ಕೆಲಸ ನಾವು ನೋಡಿಕೊಳ್ಳುತ್ತೇವೆ.

ಇಂತಿ,
ಮೂಡಿಗೆರೆಯ ಒಬ್ಬ ಬೈಕ್ ಮೆಕ್ಯಾನಿಕ್