ವೋಚರಿಲ್ಲದ ಉತ್ತರ

ವಿದ್ಯುನ್ಮಂಡಲಗಳ ಸಿಮ್ಯುಲೇಷನ್ ತಂತ್ರಾಂಶದ ವಿಷಯ ಲೆಕ್ಕಪರಿಶೋಧಕನಿಗೇಕೆ ಎಂದು ಓದುಗರು ಕೇಳಬಹುದು. ಅದರ ದೋಷವು ಕಡೆಗೆ ಬಂದು ಕೂರುವುದು ಲಾಭ-ನಷ್ಟದ ಪಟ್ಟಿಯಲ್ಲಿಯೇ.

1973ರಲ್ಲಿ ಬರ್ಕ್ಲಿಯಲ್ಲಿ ರೂಪುಗೊಂಡ ಸ್ಪೈಸ್ ಪರಂಪರೆಯ ತಂತ್ರಾಂಶಗಳಲ್ಲಿ 'ರೆಲ್‌ಟಾಲ್' ಎಂಬ ಸಾಪೇಕ್ಷ ದೋಷಮಿತಿಯು ಸಾಮಾನ್ಯವಾಗಿ 0.001, ಅಂದರೆ ಶೇ. 0.1 ಇರುತ್ತದೆ. ಗಣನೆಯು ಮುಗಿಯದೆ ನಿಂತಾಗ ಅದನ್ನು 0.01ಕ್ಕೆ ಸಡಿಲಿಸುವವರುಂಟು. ಉತ್ತರವೇನೋ ದೊರೆಯುತ್ತದೆ, ಆದರೆ ಅದು ವ್ಯತ್ಯಾಸದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ತಾಳೆಪಟ್ಟಿ ಹೊಂದಿಸಿದಂತೆ. ನನ್ನ ಕಕ್ಷಿದಾರರೊಬ್ಬರು ಇಂತಹ ಉತ್ತರವನ್ನು ನಂಬಿ ಬೋರ್ಡುಗಳನ್ನು ಮಾಡಿಸಿದರು. ಅವೆಲ್ಲ ಗುಜರಿಗೆ ಸೇರಿದವು.

ಆದುದರಿಂದ ಆರ್ಡರು ನೀಡುವ ಮುನ್ನ ಮಿತಿಯನ್ನು 0.0001ಕ್ಕೆ ಬಿಗಿಗೊಳಿಸಿ, ವಿದ್ಯುತ್ಕಾಂತೀಯ ವಿಶ್ಲೇಷಣೆಯಾದರೆ ಜಾಲವನ್ನು ಸೂಕ್ಷ್ಮಗೊಳಿಸಿ, ಮರುಗಣನೆ ಮಾಡಿಸಬೇಕು. ಉತ್ತರ ಗಮನಾರ್ಹವಾಗಿ ಬದಲಾದರೆ ಮೊದಲಿನದನ್ನು ನಂಬಲಾಗದು. ಬಳಸಿದ ಮಿತಿಗಳನ್ನು ವರದಿಯಲ್ಲಿ ನಮೂದಿಸುವುದು ಕಡ್ಡಾಯವಾಗಲಿ. ವೋಚರಿಲ್ಲದ ಅಂಕಿಗೆ ನಾವು ಸಹಿ ಹಾಕುವುದಿಲ್ಲವಷ್ಟೆ.